ನಾಲ್ಕನೆಯ ತಿದ್ದುಪಡಿ

ಮುಹೇಜಾ
ಜೂನ್ 24, 2018, ಭಾನುವಾರ

ಮಾನ್ಯ ಕಾರ್ಯಕ್ರಮ ನಿರ್ವಾಹಕರಿಗೆ,

ಸಿಂಗೇಲಿ ಸಂಗೀತದ ಹುಟ್ಟಿನ ಬಗ್ಗೆ ಕಳೆದ ಶುಕ್ರವಾರ ತಮ್ಮ ಬಾನುಲಿಯಲ್ಲಿ ಪ್ರಸಾರವಾದ ಮೊದಲ ಕಂತನ್ನು ಕೇಳಿದೆ. ಅದರಲ್ಲಿ ಮೂರು ತಪ್ಪುಗಳಿವೆ. ಪುಸ್ತಕದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಗಾಳಿಯಲ್ಲಿ ಬಿಟ್ಟ ತಪ್ಪು ಜನರ ಬಾಯಲ್ಲಿ ಕೂತುಬಿಡುತ್ತದೆ. ಆದ್ದರಿಂದ ಈ ಪತ್ರ.

ದಾರ್ ಎಸ್ ಸಲಾಮಿನ ತಂದಾಲೆಯಲ್ಲಿ ನಡೆದ ಒಂದು ಮದುವೆಯಲ್ಲಿ ನಿಧಾನಗತಿಯ ತಾರಬ್ ಹಾಡಿನ ಕ್ಯಾಸೆಟ್ಟು ಇದ್ದಕ್ಕಿದ್ದಂತೆ ಓಡತೊಡಗಿತು ಎಂದಿರಿ. ಅದು ಮದುವೆಯಲ್ಲ. ಮದುವೆಗೆ ಒಂದು ವಾರ ಮುಂಚೆ ಹೆಂಗಸರು ಮಾತ್ರ ಸೇರಿ ವಧುವಿಗೆ ಸಂಸಾರದ ಪಾಠ ಹೇಳುವ ಅಡುಗೆಮನೆಯ ಕೂಟ. ಶನಿವಾರ ರಾತ್ರಿ ಎಂದಿರಿ. ಅದು 2005ರ ಜುಲೈ 17, ಭಾನುವಾರ, ಅಸರ್ ನಮಾಜು ಮುಗಿದ ಮೇಲೆ, ಸೂರ್ಯೋದಯದಿಂದ ಎಣಿಸುವ ನಮ್ಮ ಲೆಕ್ಕದಲ್ಲಿ ಹಗಲಿನ ಹತ್ತನೆಯ ಗಂಟೆ. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಮೂರನೆಯದಾಗಿ, ವಿದ್ಯುತ್ತಿನ ಏರಿಳಿತದಿಂದ ಯಂತ್ರ ಕೆಟ್ಟು ಹಾಡು ವೇಗ ಪಡೆಯಿತು ಎಂದಿರಿ. ಯಂತ್ರ ಕೆಟ್ಟಿರಲಿಲ್ಲ. ಕ್ಯಾಸೆಟ್ ಯಂತ್ರದ ಮೋಟಾರಿನ ಹಿಂಬದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರೊಳಗೆ ವೇಗವನ್ನು ಹಿಡಿದಿಡುವ ತಿರುಪು. ಅಂದು ಆ ತಿರುಪನ್ನು ಸ್ಕ್ರೂಡ್ರೈವರಿನಿಂದ ಬೇಕೆಂದೇ ತಿರುಗಿಸಲಾಯಿತು.

ನನಗೆ ಈ ಸಂಗೀತದ ಮೇಲೆ ಆದರವಿಲ್ಲ. ನಿಮಿಷಕ್ಕೆ ಇನ್ನೂರಕ್ಕೂ ಹೆಚ್ಚು ಬಡಿತಗಳು. ಮಾತಿಗೆ ಉಸಿರಾಡಲು ಎಡೆಯಿಲ್ಲ. ಮೂವತ್ತೆಂಟು ವರ್ಷ ಮಕ್ಕಳಿಗೆ ಸ್ಪಷ್ಟವಾಗಿ ಉಚ್ಚರಿಸಲು ಕಲಿಸಿದವನಿಗೆ ಅದು ಹಿಂಸೆ. ಆದರೂ ಅದರ ಇತಿಹಾಸ ಸರಿಯಾಗಿರಲಿ.

ಇನ್ನೊಂದು ಮಾತು. ಕೊನೆಯಲ್ಲಿ ತಮ್ಮ ಹೆಸರನ್ನು 'ತುನು' ಎಂದಷ್ಟೇ ಹೇಳಿದಿರಿ. ನಮ್ಮಲ್ಲಿ ತಂದೆಯ ಹೆಸರು ಸೇರದೆ ಯಾರ ಹೆಸರೂ ಪೂರ್ಣವಾಗುವುದಿಲ್ಲ. ಮುಂದಿನ ಸಲ ಪೂರ್ತಿ ಹೇಳಿ.

ಇತಿ,
ಹಾತಿಬು ಸಿಂಗಾನೊ, ನಿವೃತ್ತ ಶಿಕ್ಷಕ
ಹಗಲಿನ ಮೂರನೆಯ ಗಂಟೆ, ಇಪ್ಪತ್ತು ನಿಮಿಷ


ತಂದಾಲೆ, ದಾರ್ ಎಸ್ ಸಲಾಮ್
ಜುಲೈ 9, 2018

ಶಿಕಾಮೂ ಮ್ವಾಲಿಮು,

ನಿಮ್ಮ ಪತ್ರವನ್ನು ಎರಡನೆಯ ಕಂತಿನಲ್ಲಿ ಓದಿ, ಮೂರು ತಪ್ಪನ್ನೂ ಒಪ್ಪಿಕೊಂಡೆ. ಕೇಳಿದವರಲ್ಲಿ ಹಲವರು ನಿಮ್ಮ ಹಳೆಯ ವಿದ್ಯಾರ್ಥಿಗಳು. "ಇನ್ನೂ ತಿದ್ದುತ್ತಾ ಇದಾರಾ?" ಎಂದು ಫೋನು ಮಾಡಿ ನಕ್ಕರು.

ಪತ್ರವನ್ನು ಹಿರಿಯರಾದ ಮ್ಜೇ ಕಿಬ್ವಾನಾ ಅವರಿಗೂ ತೋರಿಸಿದೆ. ಆ ದಿನ ಯಂತ್ರದ ಮುಂದೆ ಕೂತಿದ್ದವರು ಅವರೇ. ಈಗಲೂ ಅದೇ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಾರೆ.

"ಕೆಂಪು ಶಾಯೀಲಿ ಬರ್ದಿದಾರಾ?" ಎಂದು ಕೇಳಿದರು.

"ಇಲ್ಲ ಮ್ಜೇ, ನೀಲಿ."

"ಹಾಗಿದ್ರೆ ಮೇಷ್ಟ್ರು ಮೆತ್ತಗಾಗಿದಾರೆ ಬಿಡು."

ನೀವು 'ತಿರುಗಿಸಲಾಯಿತು' ಎಂದು ಬರೆದಿದ್ದೀರಿ. ತಿರುಗಿಸಿದವರು ಯಾರೆಂದು ಬರೆದಿಲ್ಲ. ಅದನ್ನೇ ಅವರನ್ನು ಕೇಳಿದೆ.

"ನಾನೇ ತಿರುಗ್ಸಿದ್ದು. ಕೈ ನಂದು, ಆದ್ರೆ ಮಾತು ನಂದಲ್ಲ. ಬಿಳಿ ಕಾಂಜು ನಿಲುವಂಗಿ ಹಾಕ್ಕೊಂಡಿದ್ದ ಒಬ್ರು ಪರದೆ ಸರಿಸ್ಕೊಂಡು ನನ್ನ ಹತ್ರ ಬಂದ್ರು, ಬೆವರ್ತಾ ಇದ್ರು, ಏನೋ ಹೇಳಿದ್ರು. ನಾನು ಮಾಡ್ದೆ."

"ಯಾರವರು?"

"ನನ್ನ ಬಾಯಿಂದ ಬರಲ್ಲ ತಾಯಿ. ಹೇಳ್ಬೇಕಾದವರು ಇನ್ನೂ ಬದುಕಿದಾರಲ್ಲ, ಅವರನ್ನೇ ಕೇಳು."

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಇನ್ನೂ ಒಂದು ಪ್ರಶ್ನೆ ಇದೆ. ಮೊದಲ ಕಂತಿನಲ್ಲಿ, ಈ ಓಣಿಯವರೆಲ್ಲ ಹೇಳುವ ಹಾಗೆ, 'ಕರೆಯದೆ ಬಂದ ಒಬ್ಬ ಹುಚ್ಚಿ ಆ ವೇಗಕ್ಕೆ ಕುಣಿದು ಕುಣಿದು ಬಿದ್ದಳು' ಎಂದೂ ನಾನು ಹೇಳಿದ್ದೆ. ನೀವು ದಿನವನ್ನು ತಿದ್ದಿದಿರಿ, ಗಂಟೆಯನ್ನು ತಿದ್ದಿದಿರಿ, ಒಂದು ತಿರುಪನ್ನು ಕೂಡ ಬಿಡಲಿಲ್ಲ. ಆ ಮಾತನ್ನು ಮಾತ್ರ ಮುಟ್ಟಲಿಲ್ಲ. ಅದು ಸರಿಯಿದೆ ಎಂದು ತಿಳಿಯಬೇಕೆ?

ನನ್ನ ಹೆಸರನ್ನು ಪೂರ್ತಿ ಮಾಡಲು ಸ್ವಲ್ಪ ಸಮಯ ಕೊಡಿ.

ತುನು


ಮುಹೇಜಾ
ಜುಲೈ 22, 2018, ಭಾನುವಾರ

ಪ್ರಿಯ ತುನು,

ಮರಹಬಾ. 'ಶಿಕಾಮೂ' ಎಂದು ಹಿರಿಯರಿಗೆ ವಂದಿಸಿ ಪತ್ರ ಆರಂಭಿಸುವವರು ಈಗ ಕಡಿಮೆ; ಸಂತೋಷವಾಯಿತು.

ಕಿಬ್ವಾನಾ ಹೇಳಿದ ವ್ಯಕ್ತಿ ನಾನೇ. ಅದು ನನ್ನ ಹಿರಿಯ ಮಗಳು ರುಕಿಯಾಳ ಕೂಟ, ನನ್ನದೇ ಅಂಗಳ. ಹೆಂಗಸರ ಕೂಟಕ್ಕೆ ತಂದೆ ಕಾಲಿಡಬಾರದು. ಆದ್ದರಿಂದ ಮುಂಬಾಗಿಲ ಬಳಿ ನಿಂತು ಬಂದವರನ್ನು ಸ್ವಾಗತಿಸುತ್ತಿದ್ದೆ. ಯಂತ್ರವನ್ನು ಗೋಡೆಯ ಮೂಲೆಯಲ್ಲಿಟ್ಟು, ಹಗ್ಗದ ಮೇಲೆ ಕಾಂಗಾ ಬಟ್ಟೆಗಳನ್ನು ಇಳಿಬಿಟ್ಟು ಕಿಬ್ವಾನಾ ಕೂರಲು ಪರದೆ ಮಾಡಿದ್ದರು. ತಾರಬ್ ಹಾಡುಗಳು ದೀರ್ಘ. ಒಂದೊಂದೂ ಕಾಲು ಗಂಟೆ. ಸಂಜೆಯ ನಮಾಜಿಗೆ ಮುಂಚೆ ಕೂಟ ಮುಗಿಯಬೇಕಿತ್ತು. ಹಾಡು ಬೇಗ ಮುಗಿಯಲೆಂದು ವೇಗ ಹೆಚ್ಚಿಸಲು ಹೇಳಿದೆ. ಇಷ್ಟೇ ಸಂಗತಿ.

ಮುಂದೆ ಆದದ್ದು ನಾನು ಎಣಿಸದೆ ಇದ್ದದ್ದು. ಪಿಟೀಲು ಇಲಿಯಂತೆ ಚೀರಿತು. ಡೋಲು ತಗಡಿನ ಮೇಲೆ ಕಡಲೆ ಸುರಿದಂತೆ ಕೇಳಿಸಿತು. ಹೆಂಗಸರು ಬೈಯುತ್ತಾರೆ, ಕೂತುಬಿಡುತ್ತಾರೆ ಎಂದುಕೊಂಡೆ. ಅವರು ಕೂರಲಿಲ್ಲ. ಹಾಡಿನ ಮಾತು ಮುಗಿದು ಬರಿಯ ವಾದ್ಯ ಉಳಿದಾಗ ಕಿಬ್ವಾನಾ ಅಷ್ಟನ್ನೇ ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ಹಾಕಿದ. ಮೈಕು ಹಿಡಿದು, "ಎಲ್ಲಿ ನಮ್ಮ ಮೀನು ಮಾರೋ ಅಕ್ಕ? ಸೊಂಟ ಮನೇಲೇ ಬಿಟ್ಟು ಬಂದ್ಯಾ?" ಎಂದು ಒಬ್ಬೊಬ್ಬರ ಹೆಸರು ಕೂಗತೊಡಗಿದ. ಮುಂದಿನ ವಾರ ಪಕ್ಕದ ಓಣಿಯವರು, "ಮೇಷ್ಟ್ರ ಮನೇಲಿ ಹಾಕಿದ್ರಲ್ಲ, ಹಾಗೇ ಓಡಿಸು" ಎಂದು ಅವನನ್ನು ಕರೆದುಕೊಂಡು ಹೋದರು. ಈಗ ಅದನ್ನು ಯುರೋಪಿನಲ್ಲಿಯೂ ಕುಣಿಯುತ್ತಾರಂತೆ.

ಆ ಹೆಂಗಸಿನ ಬಗ್ಗೆ ಕೇಳಿದಿರಿ. ಕರೆಯದೆ ಬಂದ ಯಾರೋ. ಬಿಸಿಲಿನ ಝಳಕ್ಕೆ ತಲೆ ತಿರುಗಿರಬೇಕು. ಅದಕ್ಕಿಂತ ಹೆಚ್ಚು ತಿಳಿಯದು.

ನಮ್ಮ ಊರಿನ ಕಿತ್ತಳೆ ಒಂದು ಚೀಲ ಈ ಪತ್ರ ಬರುವ ಬಸ್ಸಿನಲ್ಲೇ ಕಳಿಸಿದ್ದೇನೆ. ನಿಮ್ಮ ಕಚೇರಿಯವರೆಲ್ಲ ಹಂಚಿಕೊಳ್ಳಿ.

ಹಾತಿಬು ಸಿಂಗಾನೊ
ಹಗಲಿನ ಎರಡನೆಯ ಗಂಟೆ, ಐವತ್ತು ನಿಮಿಷ


ತಂದಾಲೆ
ಆಗಸ್ಟ್ 6, 2018

ಶಿಕಾಮೂ ಮ್ವಾಲಿಮು,

ಕಿತ್ತಳೆಗೆ ಕೃತಜ್ಞತೆಗಳು. ಕಚೇರಿಯಲ್ಲಿ ಹಂಚಿದೆ, ನಾಲ್ಕನ್ನು ಮನೆಗೆ ತಂದೆ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಯಾರು ಕಳ್ಸಿದ್ದು?"

"ಮುಹೇಜಾದ ಒಬ್ಬ ಮೇಷ್ಟ್ರು."

ಅವಳು ಒಂದನ್ನು ತೆಗೆದುಕೊಂಡು ಸಿಪ್ಪೆ ತುಂಡಾಗದ ಹಾಗೆ ಸುತ್ತಲೂ ಬಿಡಿಸಿ, ಹಣ್ಣು ತಿಂದಳು. ಸಿಪ್ಪೆಯನ್ನು ಯಂತ್ರದ ಹಲಗೆಯ ಮೇಲೆ ಇಟ್ಟಳು. ಅದು ಇವತ್ತಿಗೂ ಅಲ್ಲೇ ಒಣಗುತ್ತಿದೆ. "ಹಣ್ಣು ಸಿಹಿ ಇತ್ತು ಅಂತ ಬರಿ, ಅಷ್ಟು ಸಾಕು" ಎಂದಳು.

ನನ್ನ ಅಮ್ಮನ ಹೆಸರು ಮ್ವಾಂತುಮು. ಅಂದು ನಿಮ್ಮ ಅಂಗಳದಲ್ಲಿ ಬಿದ್ದವಳು ಅವಳೇ.

ಮ್ವಾಲಿಮು, ಜುಲೈ ನಮ್ಮಲ್ಲಿ ತಂಪು ತಿಂಗಳು. ಬೆಳಗ್ಗೆ ಸ್ವೆಟರು ಹಾಕಿಕೊಳ್ಳುತ್ತೇವೆ. ಬಿಸಿಲಿನ ಝಳ ಎಂದು ನೀವು ಬರೆದದ್ದು ನಿಮ್ಮ ಪತ್ರಗಳಲ್ಲಿ ನನಗೆ ಸಿಕ್ಕ ಮೊದಲ ತಪ್ಪು.

ತಾರಬ್ ಕೂಟದಲ್ಲಿ ಹೆಂಗಸು ಯಾವ ಸಾಲಿಗೆ ಎದ್ದು ನಿಲ್ಲುತ್ತಾಳೋ ಆ ಸಾಲು ಅವಳದಾಗುತ್ತದೆ. ಕೈ ಚಾಚಿ ಯಾರ ಕಡೆಗೆ ಕುಣಿಯುತ್ತಾ ಹೋಗುತ್ತಾಳೋ ಅವರಿಗೆ ಅದು ತಲುಪಬೇಕು. ಬಾಯಿಬಿಟ್ಟು ಒಂದು ಮಾತೂ ಆಡದೆ ಎಲ್ಲವನ್ನೂ ಹೇಳುವ ದಾರಿ ಅದು; ಬೇರೆ ದಾರಿ ಇಲ್ಲದವರಿಗೆ ಅದೊಂದೇ. ನಾನು ಒಂಬತ್ತು ವರ್ಷದವಳು, ಬಾವಿಕಟ್ಟೆಯ ಹತ್ತಿರ ಕೂತಿದ್ದೆ. ಅಮ್ಮ ಎದ್ದಳು. ನಿಮ್ಮ ಹೆಂಡತಿಯ ಕಡೆಗೆ ನಿಧಾನವಾಗಿ ನಾಲ್ಕು ಹೆಜ್ಜೆ ಹಾಕಿದಳು. ಅಷ್ಟರಲ್ಲಿ ಹಾಡು ಓಡತೊಡಗಿತು, ಎಲ್ಲರೂ ನುಗ್ಗಿದರು, ಅವಳು ಕಟ್ಟೆಗೆ ಎಡವಿ ಬಿದ್ದಳು.

ಆಮೇಲಿನದು ನಿಮಗೆ ಗೊತ್ತಿರಲಾರದು. ನೀವು ಮರುವರ್ಷವೇ ಮುಹೇಜಾಕ್ಕೆ ಹೋದಿರಿ. ಮ್ಜೇ ಕಿಬ್ವಾನಾ ಆ ಕ್ಷಣದಲ್ಲಿ ಮೈಕಿನಲ್ಲಿ, "ಮ್ವಾಂತುಮು ಬಿದ್ಳು!" ಎಂದು ಕೂಗಿದರು. ಗಾಬರಿಯಿಂದ ಕೂಗಿದ್ದು, ಅಪಹಾಸ್ಯಕ್ಕಲ್ಲ. ಆದರೆ ಹೆಂಗಸರು ನಕ್ಕರು. ಮುಂದಿನ ಕೂಟದಲ್ಲಿ ಅದನ್ನೇ ಮತ್ತೆ ಕೂಗಿಸಿದರು. ಈಗ ನಮ್ಮ ಓಣಿಗಳಲ್ಲಿ ಸಿಂಗೇಲಿ ಎಂದರೆ ನಡುವೆ ಒಮ್ಮೆ ಆ ಕೂಗು ಬರಲೇಬೇಕು. "ಮ್ವಾಂತುಮು ಬಿದ್ಳು!" ಎಂದ ಕೂಡಲೇ ಐನೂರು ಜನ ಒಟ್ಟಿಗೆ ನೆಲಕ್ಕೆ ಬೀಳುತ್ತಾರೆ, ಮತ್ತೆ ಜಿಗಿದು ಏಳುತ್ತಾರೆ. ಅಮ್ಮ ಕಿಟಕಿ ಮುಚ್ಚಿ ಹೊಲಿಯುತ್ತಾಳೆ.

ಹದಿಮೂರನೆಯ ವಯಸ್ಸಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ನಾನೂ ಬಿದ್ದೆ. ಎಲ್ಲರೂ ಬಿದ್ದಾಗ ನಾನೊಬ್ಬಳೇ ನಿಂತಿದ್ದರೆ ಯಾರ ಮಗಳೆಂದು ತಿಳಿದುಬಿಡುತ್ತದೆಂದು ಬಿದ್ದೆ. ಎದ್ದು ನೋಡಿದಾಗ ಅಮ್ಮ ಬೇಲಿಯ ಆಚೆ ನಿಂತಿದ್ದಳು, ನನಗೆ ಊಟದ ಡಬ್ಬಿ ತಂದಿದ್ದಳು. ಬಾನುಲಿಯಲ್ಲಿ 'ಹುಚ್ಚಿ' ಎಂದದ್ದು ಕೂಡ ನಾನೇ. ಯಾರಾದರೂ ತಿದ್ದುತ್ತಾರೇನೋ ಎಂದು ಬೇಕೆಂದೇ ಹೇಳಿದೆ. ತಿದ್ದುವವರ ಪತ್ರ ಬಂತು, ಆದರೆ ಅದರಲ್ಲಿ ಮೂರೇ ತಿದ್ದುಪಡಿಗಳಿದ್ದವು.

ಕೊನೆಯ ಕಂತು ಸೆಪ್ಟೆಂಬರ್ 21ರ ಶುಕ್ರವಾರ. ನನಗೆ ಬೇಕಾದದ್ದು ಒಂದೇ ವಾಕ್ಯ, ನಿಮ್ಮ ಹೆಸರಿನಲ್ಲಿ: ಅವಳು ಹುಚ್ಚಿಯಲ್ಲ. ಅಮ್ಮ ಇದನ್ನು ಕೇಳಲು ನನಗೆ ಹೇಳಿಲ್ಲ.

ತುನು


ಮುಹೇಜಾ
ಸೆಪ್ಟೆಂಬರ್ 2, 2018

ತುನು,

ನಿಮ್ಮ ಪತ್ರ ಬಂದು ಬಹಳ ದಿನಗಳಾದವು.

ಕೆಲವು ವಿಷಯಗಳು ಬಾನುಲಿಗೆ ತಕ್ಕವಲ್ಲ. ನನಗೆ ಅರವತ್ತೊಂಬತ್ತು ವರ್ಷ. ಇಲ್ಲಿ ಮಸೀದಿಯ ಸಮಿತಿಯವರು ಜಗಳ ತೀರ್ಮಾನಕ್ಕೆ ನನ್ನ ಬಳಿ ಬರುತ್ತಾರೆ. ನನ್ನ ಹೆಂಡತಿಗೆ ರಕ್ತದೊತ್ತಡವಿದೆ. ರುಕಿಯಾಳಿಗೆ ಮೂವರು ಮಕ್ಕಳು. ಅವರೂ ಬಾನುಲಿ ಕೇಳುತ್ತಾರೆ. ನಿಮ್ಮ ತಾಯಿಗೆ ಆದ ನೋವಿಗೆ ವಿಷಾದವಿದೆ. ಹಳೆಯದನ್ನು ಕೆದಕುವುದರಿಂದ ಯಾರಿಗೂ ಒಳಿತಾಗದು.

ದಯವಿಟ್ಟು ಇನ್ನು ಬರೆಯಬೇಡಿ.

ಹಾ. ಸಿಂಗಾನೊ


ತಂದಾಲೆ
ಸೆಪ್ಟೆಂಬರ್ 10, 2018

ಮ್ವಾಲಿಮು,

ಈ ಸಲ ಕೆಳಗೆ ಗಂಟೆ ಬರೆಯುವುದನ್ನು ಮರೆತಿದ್ದೀರಿ.

ಇದು ನನ್ನ ಕೊನೆಯ ಪತ್ರ. ಅಂದು ಅಮ್ಮ ಬಿದ್ದ ಮೇಲೆ ಹತ್ತು ಮನೆಗಳ ಮುಖಂಡರಾದ ಬಲೋಜಿಯ ಮನೆಗೆ ನಮ್ಮನ್ನು ಕರೆದುಕೊಂಡು ಹೋದರು. ನಾನು ಅಮ್ಮನ ಸೆರಗು ಹಿಡಿದುಕೊಂಡು ನಿಂತಿದ್ದೆ. ಬಲೋಜಿ, "ಮ್ವಾಲಿಮು, ಈ ಹೆಂಗಸು ನಿಮ್ಗೆ ಗೊತ್ತಾ?" ಎಂದು ಕೇಳಿದರು. ನೀವು ನನ್ನ ಕಡೆ ನೋಡಿದಿರಿ. ಅಮ್ಮನ ಕಡೆಯಲ್ಲ, ನನ್ನ ಕಡೆ. "ಇವರು ಯಾರೋ ನಾನರಿಯೆ" ಎಂದಿರಿ. ಎಷ್ಟು ಶುದ್ಧವಾಗಿ ಮಾತಾಡುತ್ತಾರೆ ಎಂದು ನನಗೆ ಅನ್ನಿಸಿತ್ತು. ಒಂಬತ್ತು ವರ್ಷದವಳಿಗೆ ಇನ್ನೇನು ಅನ್ನಿಸಬೇಕು.

ಅಪ್ಪ ಎಂದು ಕರೆಯಲು ನಾನು ಬರೆದವಳಲ್ಲ. ಆ ಆಸೆ ತೀರಿ ಬಹಳ ವರ್ಷವಾಯಿತು. ಅಮ್ಮನ ಹೆಸರು ನೆಲದಿಂದ ಏಳಲಿ ಎಂದಷ್ಟೇ ಇತ್ತು. ಶುಕ್ರವಾರ, 'ಹಾಡಿನ ವೇಗವನ್ನು ಏಕೆ ಹೆಚ್ಚಿಸಲಾಯಿತೆಂದು ತಿಳಿದಿಲ್ಲ' ಎಂದು ಹೇಳಿ ಮುಗಿಸುತ್ತೇನೆ.

ತುನು


ಮುಹೇಜಾ
ಸೆಪ್ಟೆಂಬರ್ 19, 2018, ಬುಧವಾರ

ತುನು,

ಜೂನ್ 24ರ ನನ್ನ ಪತ್ರದಲ್ಲಿ ಮೂರು ತಪ್ಪುಗಳನ್ನು ತಿದ್ದಿದ್ದೆ. ನಾಲ್ಕನೆಯದನ್ನು ಕಂಡೂ ಕಾಣದವನಂತೆ ಬಿಟ್ಟೆ. ಜುಲೈ 22ರ ಪತ್ರದಲ್ಲಿ ಸುಳ್ಳು ಹೇಳಿದೆ. ಸಂಜೆಯ ನಮಾಜಿಗೆ ಇನ್ನೂ ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಈಗ ತಿದ್ದುತ್ತಿದ್ದೇನೆ. ಇದನ್ನು ಶುಕ್ರವಾರ ಒಂದಕ್ಷರವನ್ನೂ ಬಿಡದೆ ಓದು.

ತಂದಾಲೆಯ ಒಂದು ತಾರಬ್ ಮೇಳದವರು ತಮ್ಮ ಹೊಸ ಹಾಡುಗಳನ್ನು ಅಕ್ಷರ ಸರಿಮಾಡಿಕೊಡಲು ನನ್ನ ಬಳಿ ತರುತ್ತಿದ್ದರು. ಅವರ ಉಡುಪು ಹೊಲಿಯುತ್ತಿದ್ದವಳು ಮ್ವಾಂತುಮು. ಹಾಗೆ ಪರಿಚಯ. ಎರಡು ವರ್ಷ ನಾನು ಅವಳ ಮನೆಗೆ ಹೋಗುತ್ತಿದ್ದೆ. ನೀನು ಹುಟ್ಟುವ ಸುದ್ದಿ ತಿಳಿದ ದಿನದಿಂದ ಆ ಓಣಿಯನ್ನು ಬಿಟ್ಟು ಸುತ್ತು ಬಳಸಿ ಶಾಲೆಗೆ ಹೋದೆ. ಒಂಬತ್ತು ವರ್ಷ ಅವಳು ನನ್ನ ಬಾಗಿಲಿಗೆ ಬರಲಿಲ್ಲ. ನಿನ್ನನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರು ಬರೆಯಲು ಒಪ್ಪಿಗೆ ಕೇಳಿ ಒಂದು ಚೀಟಿ ಕಳಿಸಿದ್ದಳು. ನಾನು ಉತ್ತರ ಕೊಡಲಿಲ್ಲ. ಮೂರು ವರ್ಷ ಕಾದು ಅವಳು ಕೂಟಕ್ಕೆ ಬಂದಳು.

ಅವಳು ಎದ್ದು ನಿಂತ ಸಾಲು ಇದು:

ಹಣ್ಣು ತಿಂದ ಕೈಯೇ ಇಂದು
ಸಿಪ್ಪೆ ಯಾರದೆಂದು ಕೇಳಿದೆ

ಮೇಳದವರು ತಂದಾಗ ಆ ಸಾಲಿನಲ್ಲಿ ಎರಡಕ್ಷರ ಕಡಿಮೆ ಇತ್ತು. 'ಇಂದು' ಎಂಬುದನ್ನು ಸೇರಿಸಿ ಸರಿಮಾಡಿದವನು ನಾನು. ಅವಳ ಮನೆಯಲ್ಲಿಯೇ, ಅವಳ ಹೊಲಿಗೆ ಯಂತ್ರದ ಹಲಗೆಯ ಮೇಲೆ ಕಾಗದವಿಟ್ಟು ಬರೆದಿದ್ದೆ. ಚೀಲ ತುಂಬ ಕಿತ್ತಳೆ ಕಳಿಸಿದಾಗ ಇದು ನನ್ನ ನೆನಪಿಗೆ ಬರಲಿಲ್ಲ. ಬಾರದೆ ಹೋದದ್ದಕ್ಕೆ ನನಗಿರುವ ನಾಚಿಕೆಯನ್ನು ಇಲ್ಲಿ ಅಳೆದು ಹೇಳಲಾರೆ.

ಮುಂಬಾಗಿಲ ಸಂದಿನಿಂದ ಅವಳು ಏಳುವುದನ್ನು ಕಂಡೆ. ಓಡಿಹೋಗಿ ಕಿಬ್ವಾನಾನಿಗೆ ಹೇಳಿದೆ: "ಓಡಿಸು. ಒಂದು ಮಾತೂ ಯಾರಿಗೂ ಕೇಳಿಸಬಾರದು."

"ಹಾಡು ಕೆಟ್ಟುಹೋಗತ್ತೆ ಮ್ವಾಲಿಮು."

"ಕೆಡಲಿ."

ಉಚ್ಚಾರ ಸ್ಪಷ್ಟವಿಲ್ಲವೆಂದು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು. ಆ ಸಂಗೀತದಲ್ಲಿ ಮಾತಿಗೆ ಉಸಿರಿಲ್ಲವೆಂದು ನಿನಗೆ ಬರೆದೆನಲ್ಲ. ಆ ಉಸಿರನ್ನು ಕಟ್ಟಿಸಿದವನೂ ನಾನೇ. ಬಲೋಜಿಯ ಮನೆಯಲ್ಲಿ ನಾನು ಹೇಳಿದ ಮಾತನ್ನು ನೀನು ಸರಿಯಾಗಿಯೇ ನೆನಪಿಟ್ಟಿದ್ದೀಯ. ಅದರಲ್ಲಿ ತಿದ್ದಲು ಏನೂ ಇಲ್ಲ, ಅದು ಸುಳ್ಳು ಎಂಬುದರ ಹೊರತು.

ನಿನ್ನೆ ಅಸರ್ ಆದ ಮೇಲೆ ನನ್ನ ಹೆಂಡತಿ ಸಲಾಮಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಗೊತ್ತು" ಎಂದಳು.

"ಯಾವಾಗಿನಿಂದ?"

"ಅವತ್ತಿಂದ. ಹಾಡು ಓಡಿಸಿಬಿಟ್ರೆ ಮುಗೀತು ಅಂದ್ಕೊಂಡ್ರಾ? ಆ ಹಾಡು ನಮಗೆಲ್ಲ ಬಾಯಿಪಾಠ ರೀ. ಅವಳು ಯಾವ ಸಾಲಿಗೆ ಎದ್ಲು ಅಂತ ತಿಳ್ಕೊಳ್ಳೋಕೆ ಕಿವಿ ಯಾಕೆ ಬೇಕು, ಕಣ್ಣು ಸಾಲ್ದಾ? ಅಲ್ಲಿದ್ದ ನಲವತ್ತು ಹೆಂಗಸ್ರಿಗೂ ಗೊತ್ತಾಯ್ತು. ನೀವು ಗೊತ್ತಿಲ್ಲ ಅಂದ್ರಿ, ನಾವೂ ಗೊತ್ತಿಲ್ಲದ ಹಾಗೆ ಇದ್ವಿ. ಅವಳನ್ನ ಹುಚ್ಚಿ ಅಂದ್ಬಿಟ್ರೆ ಎಲ್ಲರಿಗೂ ಸುಲಭ ಆಗ್ತಿತ್ತು."

ತಟ್ಟೆಯ ಅಕ್ಕಿಯನ್ನು ಪಾತ್ರೆಗೆ ಸುರಿದು ಅವಳೇ ಹೇಳಿದಳು: "ಅವಳು ಬಿದ್ದಾಗ ಮೊದಲು ನಕ್ಕಿದ್ದು ನಾನು. ಅದನ್ನೂ ಬರೀರಿ."

ಬರೆದಿದ್ದೇನೆ. ನಾನು ಮುಚ್ಚಿಟ್ಟೆನೆಂದುಕೊಂಡದ್ದು ಯಾರಿಗೂ ಮುಚ್ಚಿರಲಿಲ್ಲ. ಹದಿಮೂರು ವರ್ಷ ಓಣಿಯ ಜನರೆಲ್ಲ ಸೇರಿ ನನ್ನ ಮರ್ಯಾದೆಯನ್ನು ಹೊತ್ತರು; ಅದರ ಭಾರವೆಲ್ಲ ಬಿದ್ದದ್ದು ನಿನ್ನ ತಾಯಿಯ ಮೇಲೆ.

ಇದು ನೀನು ಕೇಳಿದ ವಾಕ್ಯ. ಮ್ವಾಂತುಮು ಹುಚ್ಚಿಯಲ್ಲ. ಅವಳು ಎದ್ದ ಸಾಲು ಅವಳದೇ, ಅದು ತಲುಪಬೇಕಾಗಿದ್ದದ್ದು ನನಗೆ. ಅವಳು ಬೀಳಲಿಲ್ಲ, ಬೀಳಿಸಲಾಯಿತು. ಮತ್ತೆ ಅದೇ ಅಭ್ಯಾಸ. ತಿದ್ದುತ್ತೇನೆ: ನಾನು ಬೀಳಿಸಿದೆ.

ಓದುವಾಗ ನಿಧಾನವಾಗಿ ಓದು.

ಹಾತಿಬು ಸಿಂಗಾನೊ
ಹಗಲಿನ ಎರಡನೆಯ ಗಂಟೆ, ನಲವತ್ತು ನಿಮಿಷ


(ಲಕೋಟೆಯ ಬೆನ್ನ ಮೇಲೆ)

ಬಸ್ಸು ಹೊರಡಲು ಇನ್ನೂ ಸ್ವಲ್ಪ ಹೊತ್ತಿದೆ. ಲಕೋಟೆಯ ಮೇಲೆ ನಿನ್ನ ಹೆಸರನ್ನು 'ತುನು ಹಾತಿಬು ಸಿಂಗಾನೊ' ಎಂದು ಬರೆದೆ. ಬೇಡವೆನಿಸಿದರೆ ಹೊಡೆದುಹಾಕು, ಅದು ನಿನ್ನ ಹಕ್ಕು. ಕಂಡಕ್ಟರು ಅದನ್ನು ಗಟ್ಟಿಯಾಗಿ ಓದಿದ. "ಸಿಂಗಾನೊ? ಇದ್ಯಾರು ಮ್ವಾಲಿಮು, ನಿಮ್ಗೆ ರುಕಿಯಾ ಒಬ್ಳೇ ಮಗಳು ಅಲ್ವಾ?" ಎಂದ. ಟಿಕೆಟಿಗೆ ನಿಂತಿದ್ದವರು ತಿರುಗಿ ನೋಡಿದರು. ಮಸೀದಿಯ ಸಮಿತಿಯವರೂ ಇಬ್ಬರಿದ್ದರು.

"ಅಲ್ಲ. ಇವಳೂ ನನ್ನ ಮಗಳು" ಎಂದೆ. ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ.

ಮುಹೇಜಾ ಬಸ್ ನಿಲ್ದಾಣ
ಸೆಪ್ಟೆಂಬರ್ 19, 2018, ಬುಧವಾರ
ಹಗಲಿನ ನಾಲ್ಕನೆಯ ಗಂಟೆ, ಹನ್ನೆರಡು ನಿಮಿಷ